ಟ್ಯಾಂಕಿಗೆ ಮೆತ್ತಿದ ಗಂಧದ ಸೋಪು

ಎಲ್ಲರ ದಾರಿಯ ವಿಘ್ನ ಕಳೆಯುವ ಗಣಪನಿಗೆ ಮೊದಲು ಕೈಮುಗಿಯುತ್ತೇನೆ.

ಮೈಸೂರಿನ ನಂಜರಾಜಯ್ಯನವರು ತಂದೆಯ ಕಾಲದ ಕಾರಿನ ರಿಪೇರಿಗೆ ಕಾಸು ಬಿಚ್ಚುತ್ತಿರಲಿಲ್ಲ. ಬಚ್ಚಲಿನ ಸೋಪು ಸವೆದರೆ ಮಾತ್ರ ಡ್ರೈವರನ ಮೇಲೆ ಗುಮಾನಿ. ಒಂದು ಬೆಳಿಗ್ಗೆ ಅವನ ಜೇಬಿನಲ್ಲಿ ಗಂಧದ ಸೋಪಿನ ಚೂರು ಸಿಕ್ಕೇಬಿಟ್ಟಿತು.

“ಕಳ್ಳ! ಕದ್ದದ್ದನ್ನೆಲ್ಲ ವಾಪಸ್ ಇಡು, ಕೆಲಸ ಬಿಟ್ಟು ಹೊರಡು!”

“ಆಗಲಿ ಬುದ್ಧಿ” ಎಂದ ಡ್ರೈವರು ಅವರನ್ನು ಕಾರಿನಡಿ ಬಗ್ಗಿಸಿ, ಪೆಟ್ರೋಲ್ ಟ್ಯಾಂಕಿನ ತೂತಿಗೆ ಮೆತ್ತಿದ್ದ ಸೋಪನ್ನು ಕೆರೆದು ಅಂಗೈಗಿಟ್ಟ. “ತಗೊಳ್ಳಿ, ನಿಮ್ಮ ಸೋಪು.”

ಪೆಟ್ರೋಲು ಸುರಿಯತೊಡಗಿತು. ಅಯ್ಯನವರು ತೂತಿಗೆ ಬೆರಳೊತ್ತಿ ಕೂಗಿದರು: “ಅಯ್ಯಯ್ಯೋ, ಸೋಪು ಮೆತ್ತೋ ಮಾರಾಯ!”

“ನನ್ನನ್ನ ಕೆಲಸದಿಂದ ಬಿಡಿಸಿದ್ದೀರಲ್ಲ, ಬುದ್ಧಿ?”

“ಬಿಡಿಸಿಲ್ಲ ಕಣೋ! ಹೊಸ ಸೋಪನ್ನೇ ತಗೋ!”

ಅಂದಿನಿಂದ ಅಯ್ಯನವರೇ ಸೋಪು ಕೊಡುತ್ತಾರೆ. ಕೊಟ್ಟು, ಟ್ಯಾಂಕಿನ ತೂತಿನ ಬಳಿ ಗಂಧದ ವಾಸನೆ ಇದೆಯೇ ಎಂದು ಮೂಸಿಯೂ ನೋಡುತ್ತಾರೆ.

ಕೇಳಿದ ನಿಮ್ಮೆಲ್ಲರ ಬಂಡಿ ನಡುದಾರಿಯಲ್ಲಿ ನಿಲ್ಲದೆ ಸಾಗಲಿ.