ಚಿಮ್ಟನ ಹಳೇ ಚಿಪ್ಪು

ಮಕ್ಕಳೇ, ಬೂದಿ ಬುಧವಾರ ಆಯ್ತು, ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಯ್ತು. ಹಣೆಗೆ ಬೂದಿ ಇಡಿಸ್ಕೊಂಡು ಬಂದು "ನಾನು ಚಾಕ್ಲೇಟ್ ಬಿಟ್ಟೆ, ನಾನು ಟಿವಿ ಬಿಟ್ಟೆ" ಅಂತ ನೀವೆಲ್ಲ ಹೇಳ್ತಿದ್ರಲ್ಲ, ಅದನ್ನ ಕೇಳಿ ನಂಗೊಂದು ಏಡಿಯ ಕತೆ ಹೊಳೀತು. ಇದುವರೆಗೂ ಯಾರಿಗೂ ಹೇಳಿಲ್ಲ. ಮಧ್ಯೆ ತಡವರಿಸಿದ್ರೆ ನಗಬೇಡಿ.

ಬಿದಿರು ಕಾಡಿನ ನಡುವೆ ಒಂದು ಕೊಳ ಇತ್ತು. ಅದರಲ್ಲಿ ಕಪ್ಪೆ ವಟ್ಟಪ್ಪ, ಬಸವನಹುಳು ನಿಧಾನಮ್ಮ, ಬೆಳ್ಳಿ ಅನ್ನೋ ಮೀನು, ಎಲ್ಲರಿಗಿಂತ ಹಿರಿಯಳಾದ ಆಮೆ ಕಲ್ಲಜ್ಜಿ, ಇವರೆಲ್ಲ ಇದ್ರು. ಒಂದು ಏಡಿನೂ ಇತ್ತು. ಅವನ ನಿಜವಾದ ಹೆಸರೇನೋ ಯಾರಿಗೂ ನೆನಪಿಲ್ಲ. ಇಕ್ಕಳದಂಥ ಎರಡು ದೊಡ್ಡ ಕೈಯಿಂದ ಸಿಕ್ಕಿದವರನ್ನೆಲ್ಲ ಚಿವುಟ್ತಿದ್ದ. ಅದಕ್ಕೇ ಎಲ್ಲರೂ ಚಿಮ್ಟ ಅಂತಿದ್ರು.

ಬೇಸಿಗೆ ಬಂತಂದ್ರೆ ಕೊಳದ ನೀರು ಇಳೀತಿತ್ತು. ಇಳಿದೂ ಇಳಿದೂ ಒಂದು ದಿನ ನಡುವೆ ಇರೋ ಗುಂಡುಬಂಡೆ ತಲೆ ಹೊರಗೆ ಹಾಕ್ತಿತ್ತು. ಅವತ್ತಿಂದ ನಲವತ್ತು ದಿನ ಆ ಕೊಳಕ್ಕೂ ಒಂದು ತಪಸ್ಸುಕಾಲ. ನೀರು ಕಮ್ಮಿ, ಜಾಗ ಕಮ್ಮಿ, ಎಲ್ಲರೂ ಬಂಡೆ ಸುತ್ತ ಒತ್ತೊತ್ತಾಗಿ ಇರಬೇಕು. ಜಗಳ ಆಡ್ತಾ ಕೂತ್ರೆ ಯಾರೂ ಉಳಿಯಲ್ಲ. ಅದಕ್ಕೇ ಒಬ್ಬೊಬ್ಬರೂ ಒಂದೊಂದು ಕೆಟ್ಟ ಅಭ್ಯಾಸ ಬಿಡಬೇಕು ಅಂತ ಹಿಂದಿನವರು ಪದ್ಧತಿ ಮಾಡಿದ್ರು.

ಆ ವರ್ಷನೂ ಎಲ್ಲರೂ ಸಾಲಾಗಿ ಬಂದ್ರು. ಕಲ್ಲಜ್ಜಿ ಕೊಳದ ತಳದ ಕರಿಕೆಸರು ತೆಗೆದು ಒಬ್ಬೊಬ್ಬರ ಹಣೆಗೆ ಹಚ್ಚಿದಳು. "ಇದು ಕೊಳದ ಮಣ್ಣು. ನಾವೂ ಇದೇ. ಏನು ಬಿಡ್ತೀಯ ಹೇಳು" ಅಂತ ಕೇಳಿದಳು.

"ಬೇರೆಯವರ ಮಾತಿನ ಮಧ್ಯೆ ಬಾಯಿ ಹಾಕೋದು ಬಿಡ್ತೀನಿ" ಅಂದ ವಟ್ಟಪ್ಪ.

"ಪಾಚಿ ಬಚ್ಚಿಟ್ಟು ಒಬ್ಬಳೇ ತಿನ್ನೋದು ಬಿಡ್ತೀನಿ" ಅಂದಳು ನಿಧಾನಮ್ಮ. ಹೇಳಿ ಮುಗಿಸೋಕೇ ತುಂಬಾ ಹೊತ್ತು ತಗೊಂಡಳು.

ಚಿಮ್ಟನ ಸರದಿ ಬಂತು. ಅವನು ಎದೆ ಉಬ್ಬಿಸಿ, "ನಾನು ಮಾವಿನಹಣ್ಣು ಬಿಟ್ಟೆ!" ಅಂದ.

"ಲೋ, ನೀನ್ಯಾವತ್ತೋ ಮಾವಿನಹಣ್ಣು ತಿಂದಿದ್ದು?" ಅಂದ ವಟ್ಟಪ್ಪ.

"ತಿಂದಿಲ್ಲ. ಇನ್ಮೇಲೆ ಸಿಕ್ಕಿದ್ರೂ ತಿನ್ನಲ್ಲ."

ಎಲ್ಲರೂ ಗೊಳ್ಳಂತ ನಕ್ಕರು. ಕಲ್ಲಜ್ಜಿ ನಗಲಿಲ್ಲ. "ಬಿಡೋನು ನೀನಪ್ಪ. ನಾನೇನು ಹೇಳಲಿ" ಅಂದು ಅವನ ಹಣೆಗೂ ಕೆಸರು ಹಚ್ಚಿದಳು.

ಹಿಂದೆ ನಿಂತಿದ್ದ ಬೆಳ್ಳಿ ಮೆತ್ತಗೆ, "ಚಿವುಟೋದು ಬಿಡಬಹುದಿತ್ತಲ್ವಾ?" ಅಂದಳು.

ಅಷ್ಟೇ. ಚಿಮ್ಟನ ಕೈ ಹಾರಿತು, ಕಟಕ್! ಬೆಳ್ಳಿಯ ಬಾಲದ ತುದಿ ಹರಿದುಹೋಯ್ತು. ಅವಳು ಓರೆಯಾಗಿ ಈಜ್ತಾ ಬಂಡೆ ಹಿಂದೆ ಹೋಗಿಬಿಟ್ಟಳು. ಚಿಮ್ಟನ ಹಣೆ ಮೇಲಿನ ಕೆಸರು ಇನ್ನೂ ಒದ್ದೆ ಇತ್ತು, ನೋಡಿ.

ಹತ್ತು ದಿನ ಕಳೀತು. ಒಂದು ಬೆಳಿಗ್ಗೆ ಚಿಮ್ಟನಿಗೆ ಮೈಯೆಲ್ಲ ಬಿಗಿ ಬಿಗಿ. ಕಾಲು ಮಡಚೋಕಾಗ್ತಿಲ್ಲ. ಉಸಿರು ಅರ್ಧಕ್ಕೇ ನಿಲ್ತಿದೆ. ಹೆದರಿ ಕಲ್ಲಜ್ಜಿ ಹತ್ರ ಓಡಿದ.

ಅಜ್ಜಿ ಅವನ ಬೆನ್ನು ತಟ್ಟಿ ನೋಡಿದಳು. "ನೀನು ಬೆಳೆದಿದೀಯ, ಚಿಪ್ಪು ಬೆಳೆದಿಲ್ಲ. ಬಿಡೋ ಕಾಲ ಬಂತು ಮಗಾ."

ಇದನ್ನ ನಾನು ಕಟ್ಟಿ ಹೇಳ್ತಿಲ್ಲ. ಏಡಿಗಳು ನಿಜವಾಗ್ಲೂ ಹಾಗೇ. ಪುಸ್ತಕದಲ್ಲಿ ಓದಿದೀನಿ. ಅವುಗಳ ಚಿಪ್ಪು ಬೆಳೆಯಲ್ಲ. ಆಗಾಗ ಹಳೇ ಚಿಪ್ಪು ಬಿಟ್ಟು ಹೊರಗೆ ಬರಬೇಕು. ಹೊಸ ಚಿಪ್ಪು ಗಟ್ಟಿಯಾಗೋವರೆಗೂ ಮೈಯೆಲ್ಲ ನೆನೆಸಿದ ಅವಲಕ್ಕಿ ಥರ ಮೆತ್ತಗಿರತ್ತೆ. ಚಿವುಟೋ ಕೈನೂ ಮೆತ್ತಗೆ.

"ಬಿಡದೇ ಇದ್ರೆ?" ಅಂತ ಕೇಳಿದ ಚಿಮ್ಟ.

"ಮೂರು ದಿನ ತಡೀಬಹುದು. ಆಮೇಲೆ ಒಳಗೇ ಉಸಿರು ಕಟ್ಟತ್ತೆ."

"ಹಾಗಾದ್ರೆ ದಂಡೆ ಮೇಲಿರೋ ನನ್ನ ಬಿಲಕ್ಕೆ ಹೋಗಿ ಬಿಡ್ತೀನಿ."

"ಬಿಲ ಒಣಗಿದೆಯಲ್ಲೋ. ಮುಂಗುಸಿ ದಿನಾ ಬೆಳಿಗ್ಗೆ ಬಂದು ಕಲ್ಲು ಕಲ್ಲು ಮಗುಚಿ ನೋಡತ್ತೆ. ಗುಂಡುಬಂಡೆ ಕೆಳಗೆ ಬಾ. ಅಲ್ಲೊಂದೇ ಇನ್ನೂ ತಂಪಿರೋದು."

"ಅಲ್ಲಿ ಎಲ್ಲರೂ ಇದ್ದಾರಲ್ಲ ಅಜ್ಜಿ!"

"ಇದ್ದಾರೆ. ಅದಕ್ಕೇನೀಗ?"

ಚಿಮ್ಟ ಅಡ್ಡಡ್ಡ ನಡ್ಕೊಂಡು ಹೊರಟುಹೋದ.

ಅವನೊಂದು ಉಪಾಯ ಮಾಡಿದ. ಜೊಂಡಿನ ನಾರು ಕಿತ್ತು ತಂದು ಮೈಗೆ ಸುತ್ತಿ ಸುತ್ತಿ ಬಿಗಿದ. ಚಿಪ್ಪು ಬಿರಿಯೋಕೆ ಬಿಟ್ರೆ ತಾನೇ ಮೆತ್ತಗಾಗೋದು? ಬಿಡಲೇಬಾರದು ಅಂತ. ಸಂಜೆ ಹೊತ್ತಿಗೆ ಒಂದು ಕಾಲೂ ಅಲ್ಲಾಡಿಸೋಕಾಗದೆ ಜೊಂಡಿನ ಬುಡದಲ್ಲಿ ಬಿದ್ದಿದ್ದ. ಆ ಕಡೆ ಬಂದ ವಟ್ಟಪ್ಪ ನೋಡಿ ಕಣ್ಣರಳಿಸಿದ.

"ಏನೋ ಇದು? ಎಲೇಲಿ ಕಡುಬು ಕಟ್ಟಿದ ಹಾಗೆ ಕಟ್ಕೊಂಡಿದೀಯ!"

"ಹೋಗೋ... ನಿನ್ನ ಕೆಲಸ... ನೋಡ್ಕೋ" ಅಂದ ಚಿಮ್ಟ. ಒಂದೊಂದು ಮಾತಿಗೂ ಏದುಸಿರು.

"ಸಾಯ್ತೀಯ ಕಣೋ. ಮುಂಗುಸಿಗೆ ಹೆದರಿದೀಯಾ?"

ಚಿಮ್ಟ ಉಸಿರು ಎಳ್ಕೊಳ್ತಾ ಮಾತಿಗೆ ತಡಕಾಡಿದ. ವಟ್ಟಪ್ಪನೂ ಮಧ್ಯೆ ಬಾಯಿ ಹಾಕದೆ ಕಾದ.

"ಮುಂಗುಸಿಗಲ್ಲ" ಅಂದ ಕೊನೆಗೆ. "ನಿಮಗೆ. ನಾನು ಎಲ್ಲರನ್ನೂ ಚಿವುಟಿದೀನಿ. ಮೆತ್ತಗಾದ ದಿನ ನೀವೆಲ್ಲ ಸೇರಿ ನನ್ನ ಬಿಡ್ತೀರಾ? ನಿನ್ನ ಕಾಲು ಚಿವುಟಿದ್ದು ನೆನಪಿಲ್ವಾ?"

"ಯಾವ ಸಲದ್ದು?" ಅಂದ ವಟ್ಟಪ್ಪ.

ಎಷ್ಟು ಸಲ ಅಂತ ಚಿಮ್ಟನಿಗೂ ಗೊತ್ತಿರಲಿಲ್ಲ. "ತಪ್ಪಾಯ್ತು ವಟ್ಟಪ್ಪಣ್ಣ" ಅಂದ. ಆ ಮಾತು ಬಾಯಿಂದ ಬಂದಿದ್ದು ಅದೇ ಮೊದಲು.

ವಟ್ಟಪ್ಪ ಹಲ್ಲಿಲ್ಲದ ಬಾಯಲ್ಲಿ ನಾರನ್ನ ಎಳೆದೆಳೆದು ಬಿಡಿಸಿದ. "ನಂಗೆ ಹೇಳಿದೆ, ಸರಿ. ಉಳಿದೋರಿಗೆ ಯಾರು ಹೇಳ್ತಾರೆ, ನಿಮ್ಮಪ್ಪನಾ?"

ಮಾರನೇ ದಿನ ಚಿಮ್ಟ ನಿಧಾನಮ್ಮನ ಹತ್ರ ಹೋದ. ಅವನನ್ನ ನೋಡಿದ್ದೇ ತಡ, ಅವಳು ಸರಕ್ಕಂತ ಶಂಖದೊಳಗೆ ಹೋಗಿಬಿಟ್ಟಳು. ಅಷ್ಟು ಬೇಗ ಅವಳು ಏನಾದ್ರೂ ಮಾಡಿದ್ದನ್ನ ಯಾರೂ ನೋಡಿರಲಿಲ್ಲ.

ಚಿಮ್ಟ ಹೊರಗೇ ಕೂತ. "ನಿಧಾನಮ್ಮಕ್ಕ, ನಿನ್ನ ಕೊಂಬು ಕತ್ತರಿಸಿದ್ದು ತಪ್ಪಾಯ್ತು."

"ಎಡಗಡೇದು" ಅಂತ ಒಳಗಿಂದ ಸಣ್ಣ ದನಿ ಬಂತು.

"ಹೂಂ. ಎಡಗಡೇದು."

"ಅದು ಮತ್ತೆ ಬೆಳೀತು. ಭಯ ಹೋಗಿಲ್ಲ. ನೀನು ಹೋಗೋ ಸದ್ದು ಕೇಳಿದ್ರೂ ಒಳಗೆ ಹೋಗಿಬಿಡ್ತೀನಿ. ಎಷ್ಟೋ ದಿನ ಊಟನೇ ಮಾಡಲ್ಲ."

ಚಿಮ್ಟನಿಗೆ ಇದು ಗೊತ್ತೇ ಇರಲಿಲ್ಲ. ಚಿವುಟಿದ್ದು ಅಲ್ಲಿಗೇ ಮುಗೀತು ಅಂದ್ಕೊಂಡಿದ್ದ. ತಲೆ ತಗ್ಗಿಸಿ ಕೂತ. ಮಧ್ಯಾಹ್ನದ ಹೊತ್ತಿಗೆ ಶಂಖದಿಂದ ಒಂದು ಕೊಂಬು ಹೊರಗೆ ಬಂತು. "ಸರಿ, ಹೋಗು. ನಿಧಾನಕ್ಕೆ ಹೋಗು, ಸದ್ದು ಮಾಡ್ಬೇಡ" ಅಂದಳು ನಿಧಾನಮ್ಮ.

ಮೂರನೇ ದಿನ ಬೆಳ್ಳಿ ಸಿಕ್ಕಳು. ಹರಿದ ಬಾಲ ಇನ್ನೂ ಕೂಡಿರಲಿಲ್ಲ. ಚಿಮ್ಟ ದೂರದಲ್ಲೇ ನಿಂತು, "ತಪ್ಪಾಯ್ತು ಬೆಳ್ಳಿ" ಅಂದ.

ಬೆಳ್ಳಿ ಅವನನ್ನೇ ನೋಡಿದಳು. "ಮೆತ್ತಗಾಗ್ತೀನಿ ಅನ್ನೋ ಭಯಕ್ಕೆ ಕ್ಷಮೆ ಕೇಳ್ತಿದೀಯಾ, ನಿಜವಾಗ್ಲೂ ತಪ್ಪು ಅನ್ನಿಸಿ ಕೇಳ್ತಿದೀಯಾ?"

ಸುಳ್ಳು ಹೇಳಬಹುದಿತ್ತು. ಆದ್ರೆ ಚಿಮ್ಟ ಹೇಳಲಿಲ್ಲ. "ಭಯಕ್ಕೇ ಹೊರಟಿದ್ದು. ನಿಧಾನಮ್ಮಕ್ಕನ ಮಾತು ಕೇಳಿದ ಮೇಲೆ ನಾಚಿಕೆಯಾಯ್ತು. ನಿನ್ನ ಬಾಲ ನೋಡಿ ಈಗ ಇನ್ನೂ ಜಾಸ್ತಿ ಆಗ್ತಿದೆ."

ಬೆಳ್ಳಿ ತಿರುಗಿ ಹೋಗಿಬಿಟ್ಟಳು.

ಇನ್ನು ಕಾಯೋಕೆ ಹೊತ್ತಿರಲಿಲ್ಲ. ಬೆಳ್ಳಿ ಕ್ಷಮಿಸಿದಳೋ ಇಲ್ವೋ ಗೊತ್ತಾಗದೇನೇ ಚಿಮ್ಟ ಗುಂಡುಬಂಡೆ ಕೆಳಗೆ ಹೋದ. ಎಲ್ಲರೂ ಸರಿದು ಜಾಗ ಮಾಡಿಕೊಟ್ರು. ಅವನು ಕಣ್ಣು ಮುಚ್ಚಿ ಮೈ ಉಬ್ಬಿಸಿದ. ಬೆನ್ನ ಹಿಂದೆ ಪಟ್ ಅಂತ ಚಿಪ್ಪು ಬಿರಿಯಿತು. ಹಿಂದಕ್ಕೆ ಹಿಂದಕ್ಕೆ ಜಗ್ಗಿ, ಒಂದೊಂದೇ ಕಾಲು ಬಿಡಿಸಿಕೊಂಡು ಹೊರಗೆ ಬಂದ. ಎದುರಿಗೆ ಖಾಲಿ ಚಿಪ್ಪು ಥೇಟ್ ಅವನ ಹಾಗೇ ಕೈ ಎತ್ತಿಕೊಂಡು ಕೂತಿತ್ತು. ಅವನು ಮಾತ್ರ ನಡುಗ್ತಾ ಮುದ್ದೆಯಾಗಿ ಬಿದ್ದಿದ್ದ.

ಅಷ್ಟರಲ್ಲೇ ದಂಡೆ ಕಡೆಯಿಂದ ಸದ್ದಾಯ್ತು. ಮುಂಗುಸಿ! ನೀರು ಎಷ್ಟು ಇಳಿದಿತ್ತು ಅಂದ್ರೆ, ಅದು ಕೆಸರು ತುಳ್ಕೊಂಡು ನೇರ ಬಂಡೆವರೆಗೂ ಬಂದುಬಿಡ್ತು.

"ಏಡಿ ವಾಸನೆ ಬರ್ತಿದೆಯಲ್ಲ" ಅಂತ ಮೂಗು ಅರಳಿಸಿತು. "ಹೊರಗೆ ಬಾರೋ. ನಾನೇ ಕೈ ಹಾಕಿದ್ರೆ ಚೆನ್ನಾಗಿರಲ್ಲ!"

ಬಂಡೆ ಕೆಳಗೆ ಪಂಜ ತೂರಿಸಿ ಕೆರೆಯೋಕೆ ಶುರು ಮಾಡ್ತು. ಚಿಮ್ಟ ಓಡೋಕೆ ನೋಡಿದ, ಕಾಲು ನಿಲ್ಲಲಿಲ್ಲ. ಕೈ ಎತ್ತಿದ, ಜೋತುಬಿತ್ತು. ಕಲ್ಲಜ್ಜಿ ಅವನಿಗೆ ಅಡ್ಡ ನಿಂತಳು. ಆದ್ರೆ ಪಂಜ ಅಜ್ಜಿಯ ಪಕ್ಕದಿಂದ ನುಸುಳಿ ಹತ್ತಿರ ಹತ್ತಿರ ಬಂತು.

ಆಗ ಬೆಳ್ಳಿ ಬಾಣದ ಹಾಗೆ ಬಂದಳು. ಖಾಲಿ ಚಿಪ್ಪಿನ ಒಂದು ಕಾಲು ಕಚ್ಚಿ ಎಳೆದಳು. ಚಿಪ್ಪು ಹಪ್ಪಳದಷ್ಟು ಹಗುರ. ಆದ್ರೂ ಹರಿದ ಬಾಲದಲ್ಲಿ ಈಜೋದು ಕಷ್ಟ. ಸೊಟ್ಟಸೊಟ್ಟಗೆ ಎಳ್ಕೊಂಡು ಬಂಡೆಯಾಚೆ ತಂದು, ಮುಂಗುಸಿಯ ಮೂಗಿನ ಕೆಳಗೇ ಬಿಟ್ಟು ಪಕ್ಕಕ್ಕೆ ಹಾರಿದಳು.

"ಸಿಕ್ಕಿದ ನೋಡು!" ಅಂತ ಮುಂಗುಸಿ ಚಿಪ್ಪನ್ನ ಕಚ್ಕೊಂಡು ಒಂದೇ ಓಟ ದಂಡೆಗೆ ಓಡ್ತು. ಅಲ್ಲೊಂದು ಕಲ್ಲಿಗೆ ಫಟಾರ್ ಅಂತ ಬಡೀತು. ಚಿಪ್ಪು ಚೂರು ಚೂರಾಯ್ತು. ಮುಂಗುಸಿ ಆ ಚೂರು ತಿರುಗಿಸ್ತು, ಈ ಚೂರು ನೆಕ್ತು.

"ಇದರೊಳಗೆ ಏನೂ ಇಲ್ಲ! ಥೂ, ಈ ಕೊಳದ ಏಡಿಗಳೆಲ್ಲ ಬರೀ ಟೊಳ್ಳು!"

ಬೈಕೊಂಡು ಬೈಕೊಂಡು ಬಿದಿರುಮೆಳೆ ಒಳಗೆ ಹೋಯ್ತು. ಆಮೇಲೆ ಆ ಕೊಳದ ಕಡೆ ತಲೆ ಹಾಕಲಿಲ್ಲ.

ಬಂಡೆ ಕೆಳಗೆ ಎಲ್ಲರೂ ಒಟ್ಟಿಗೇ ಉಸಿರು ಬಿಟ್ರು. ಎಷ್ಟೊಂದು ಗುಳ್ಳೆ ಮೇಲೆ ಬಂತು ಅಂದ್ರೆ, ನೀರು ಕುದೀತಿದೆ ಅನ್ನಿಸಬೇಕು! ವಟ್ಟಪ್ಪನಿಗೆ ನಗು ತಡೆಯೋಕಾಗಲಿಲ್ಲ. ಅವನನ್ನ ನೋಡಿ ನಿಧಾನಮ್ಮನೂ ನಕ್ಕಳು, ಸ್ವಲ್ಪ ತಡವಾಗಿ.

ಚಿಮ್ಟ ಮಾತ್ರ ಬೆಳ್ಳಿಯನ್ನೇ ನೋಡ್ತಿದ್ದ. "ನನ್ನ ಯಾಕೆ ಉಳಿಸಿದೆ?"

"ನಿಜ ಹೇಳ್ಲಾ? ಈಗ ಸ್ವಲ್ಪ ಹೊತ್ತಿನ ಮುಂಚಿನವರೆಗೂ, ಇವನಿಗೆ ಹೀಗೇ ಆಗಬೇಕು ಅಂತ ನನ್ನೊಳಗೆ ಸಿಟ್ಟಿತ್ತು" ಅಂದಳು ಬೆಳ್ಳಿ. "ನೀನು ನಡುಗ್ತಾ ಆಚೆ ಬಂದೆಯಲ್ಲ, ಅದನ್ನ ನೋಡ್ತಾ ನೋಡ್ತಾ ಸಿಟ್ಟು ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ."

ಏಳೆಂಟು ದಿನದಲ್ಲಿ ಚಿಮ್ಟನ ಹೊಸ ಚಿಪ್ಪು ಗಟ್ಟಿಯಾಯ್ತು. ಕೈಗಳು ಮೊದಲಿಗಿಂತ ದೊಡ್ಡದಾದ್ವು. ಅಷ್ಟಕ್ಕೇ ಎಲ್ಲಾ ಸರಿಹೋಯ್ತು ಅಂದ್ಕೋಬೇಡಿ. ಇಕ್ಕಟ್ಟಿನಲ್ಲಿ ಯಾರಾದ್ರೂ ಮೈ ತಾಗಿಸಿದ್ರೆ ಕೈ ತಾನಾಗೇ ಏಳೋದು. ಆಗ ಅವನು ಎರಡೂ ಕೈ ಕೆಸರಲ್ಲಿ ಹೂತು, ಸಿಟ್ಟು ಇಳಿಯೋವರೆಗೂ ಹಾಗೇ ಕೂತಿರ್ತಿದ್ದ. ಮೊದಮೊದಲು ದಿನಕ್ಕೆ ಹತ್ತು ಸಲ, ಆಮೇಲೆ ಐದು ಸಲ, ಆಮೇಲೆ ಅಪರೂಪಕ್ಕೊಮ್ಮೆ.

ನಲವತ್ತನೇ ದಿನ ಬೆಳ್ಳಿ ಅವನ ಕೈಗಳ ನಡುವಿಂದಲೇ ಈಜಿಕೊಂಡು ಹೋದಳು. ಸುತ್ತಿ ಹೋಗೋಕೆ ಪಕ್ಕದಲ್ಲಿ ಜಾಗ ಇತ್ತು. ಆದ್ರೂ ಹಾಗೇ ಹೋದಳು. ಚಿಮ್ಟ ಉಸಿರೂ ಆಡದೆ ಕೂತಿದ್ದ. ಅವಳು ದಾಟಿದ ಮೇಲೆ ಅವನಿಗೆ ಎಷ್ಟು ಹಗುರ ಅನ್ನಿಸಿತು ಅಂದ್ರೆ, ಏಡಿಗಳು ಯಾವತ್ತೂ ಮಾಡದೇ ಇರೋ ಕೆಲಸ ಮಾಡಿದ: ಕುಣಿದುಬಿಟ್ಟ.

ನೀತಿ: ನಮಗೆ ಬೇಡದ್ದನ್ನ ಬಿಟ್ರೆ ನಾವು ಬದಲಾಗಲ್ಲ, ಬೇರೆಯವರಿಗೆ ನೋವು ಕೊಡೋದನ್ನ ಬಿಟ್ಟು, "ತಪ್ಪಾಯ್ತು" ಅಂತ ಹೇಳಿದಾಗಲೇ ಹೊಸಬರಾಗೋದು.