ಹದಿನೆಂಟು ಗುಂಡಿಯ ಕೋಟು

ಕತೆಗೆ ಮೊದಲು ನಮ್ಮ ಮನೆತನದ ವಿಚಾರ ಕೇಳಿ. ಉಪ್ಪುಗಡಲೆ ಜಗಿಯುವ ಸದ್ದು ಬೇಡ ಸುಗಂಧಮ್ಮ. ನಾವು ಏಳು ತಲೆಮಾರಿನಿಂದ ಈ ಊರಿನ ಹೆಗ್ಡೆಗಳು. ನಮ್ಮವರು ಬೀದಿಯಲ್ಲಿ ಓಡಿದವರಲ್ಲ, ಬಾಯಿಗೆ ಕೈ ಅಡ್ಡ ಹಿಡಿಯದೆ ಆಕಳಿಸಿದವರಲ್ಲ. ಪರರ ಎದುರು ಕೋಟಿನ ಗುಂಡಿ ಬಿಚ್ಚಿದವರಂತೂ ಅಲ್ಲವೇ ಅಲ್ಲ. ನಮ್ಮ ಮುತ್ತಜ್ಜ ಗುಣಪಾಲ ಹೆಗ್ಡೆಯವರು ಹೊಳೆಗೆ ಬಿದ್ದಾಗಲೂ ಗುಂಡಿ ಹಾಕಿಕೊಂಡೇ ಮುಳುಗಿದರು, ಗುಂಡಿ ಹಾಕಿಕೊಂಡೇ ಎದ್ದರು. ಆ ಕೋಟಿಗೆ ಹದಿನೆಂಟು ಗುಂಡಿ. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದಾನೊಂದು ಊರಿನಲ್ಲಿ ಉಪ್ಪು ಮುಗಿದುಹೋಯಿತು. ಯಾವ ಊರು ಎಂದು ಕೇಳಬೇಡಿ ಸುಗಂಧಮ್ಮ, ಇದೇ ಊರು. ಸಾರು ಸಪ್ಪೆ, ಪಲ್ಯ ಸಪ್ಪೆ, ಜಗಳವೂ ಸಪ್ಪೆ. ಗಂಡ ಹೆಂಡತಿ ಬೈದಾಡಲು ಕೂತರೆ ನಿದ್ದೆ ಬರುತ್ತಿತ್ತು. ಕಣ್ಣೀರೂ ಸಪ್ಪೆಯಾಗಿ, ಸಾವಿನ ಮನೆಯಲ್ಲಿ ಅತ್ತವರನ್ನು ಯಾರೂ ನಂಬುತ್ತಿರಲಿಲ್ಲ.

ಉಪ್ಪೆಲ್ಲ ಇದ್ದದ್ದು ಪಕ್ಕದ ರಾಜ್ಯದ ರಾಜ ಗಡಬಡರಾಯನ ಬಳಿ. ಅವನು ರುಜು ಹಾಕಿದರೆ ಉಪ್ಪಿನ ಗಾಡಿ ಹೊರಡುತ್ತದೆ. ಊರಿನವರು ಮುತ್ತಜ್ಜನನ್ನೇ ಆ ಕೆಲಸದ ಮೇಲೆ ಕಳಿಸಿದರು.

ಗಡಬಡರಾಯನಿಗೆ ಗಾಲ್ಫಿನ ಹುಚ್ಚು. ಕೋಲಿನಿಂದ ಚೆಂಡು ಹೊಡೆಯುವುದು, ನೆಲದಲ್ಲಿ ತೋಡಿದ ಗುಂಡಿಗೆ ಬೀಳಿಸುವುದು, ಅಷ್ಟೇ. ಆ ರಾಜ್ಯದಲ್ಲಿ ಕಚೇರಿಯೇ ಇರಲಿಲ್ಲ, ಹುಲ್ಲಿತ್ತು. ರಾಜ ಹುಲ್ಲಿನ ಮೇಲೆ, ಮಂತ್ರಿ ಹುಲ್ಲಿನ ಮೇಲೆ, ಹುಲ್ಲು ಬಿಟ್ಟು ಕಡತ ತಿನ್ನುವ ಹಸುವೂ ಹುಲ್ಲಿನ ಮೇಲೆ.

"ಕೆಲಸದ ಮಾತು ಆಮೇಲೆ ಹೆಗ್ಡೆಯವರೇ. ಮೊದಲು ಹದಿನೆಂಟು ಗುಂಡಿ ಮುಗಿಸೋಣ," ಎಂದ ರಾಜ.

ಮುತ್ತಜ್ಜ ತಮ್ಮ ಕೋಟು ನೋಡಿಕೊಂಡರು. ಲೆಕ್ಕ ಸರಿಯಾಗಿತ್ತು.

ರಾಜ ಒಂಬತ್ತು ಏಟು ಹೊಡೆದು ಚೆಂಡನ್ನು ಮೊದಲ ಗುಂಡಿಗೆ ಬೀಳಿಸಿದ. ಬಾಯಿ ತುಂಬ ಎಲೆಯಡಿಕೆ. "ಈಗ ನೀವು ಗುಂಡಿ ಹಾಕಿ," ಎಂದ. "ಗುಂಡಿಗೆ ಹಾಕಿ" ಎನ್ನಬೇಕಿತ್ತು. 'ಗೆ' ಎಲೆಯಡಿಕೆಯ ರಸದ ಜೊತೆ ಹೊಟ್ಟೆಗೆ ಹೋಯಿತು. ವಿಭಕ್ತಿ ನುಂಗಿದವರನ್ನು ನಮ್ಮ ಕಾನ್ವೆಂಟಿನಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ರಾಜನನ್ನು ನಿಲ್ಲಿಸುವವರು ಯಾರು?

ಮುತ್ತಜ್ಜ ಕತ್ತಿನ ಗುಂಡಿ ಮುಟ್ಟಿ ನೋಡಿದರು. "ಹಾಕಿದೆ ಪ್ರಭು."

"ಹಾಕಿದೆಯಂತೆ," ಎಂದು ಮಂತ್ರಿ ಬರೆದುಕೊಂಡ.

ಎರಡನೆಯದು. "ಗುಂಡಿ ಹಾಕಿ." "ಹಾಕಿದೆ ಪ್ರಭು." ಮಂತ್ರಿ ಬರೆದುಕೊಂಡ. ಮೂರನೆಯದು. "ಗುಂಡಿ ಹಾಕಿ." "ಹಾಕಿದೆ ಪ್ರಭು." ಹೀಗೆ ಕತ್ತಿನಿಂದ ಮೊಣಕಾಲಿನವರೆಗೆ ಹದಿನೆಂಟೂ ಮುಗಿದವು.

ಕೊನೆಗೆ ಚೆಂಡನ್ನು ಸಾಕ್ಷಿಗೆ ಕರೆದರು.

"ರಾಜರು ನನಗೆ ಇನ್ನೂರ ಹನ್ನೆರಡು ಏಟು ಹೊಡೆದರು," ಎಂದಿತು ಚೆಂಡು, ತಲೆ ಸವರಿಕೊಳ್ಳುತ್ತ. "ಹೆಗ್ಡೆಯವರು ಒಂದೂ ಹೊಡೆಯಲಿಲ್ಲ. ದೊಡ್ಡ ಮನುಷ್ಯರು."

ಕಡಿಮೆ ಏಟು ಹೊಡೆದವರೇ ಗೆದ್ದ ಹಾಗೆ. ಅದು ಆ ಆಟದ ನಿಯಮ. ರಾಜನ ಮುಖ ಹಾಗಲಕಾಯಿಯಾಯಿತು. "ನನ್ನನ್ನು ಸೋಲಿಸಿದವರಿಗೆ ನಾನು ರುಜು ಹಾಕುವುದಿಲ್ಲ!"

ಮಂತ್ರಿ ಮುತ್ತಜ್ಜನ ಕಿವಿಗೆ ಬಾಗಿದ. "ಕೆಲಸಕ್ಕೆಂದು ಬಂದು ಗೆಲ್ಲುವುದುಂಟೇ ಸ್ವಾಮಿ? ಒಂದೇ ಒಂದು ಗುಂಡಿ ಬಿಚ್ಚಿಬಿಡಿ. ಹದಿನೇಳಾಗುತ್ತದೆ. ಸೋತಿರಿ ಅಂತ ಬರೆಯುತ್ತೇನೆ."

ಒಂದು ಕಡೆ ಮನೆತನ. ಇನ್ನೊಂದು ಕಡೆ ಸಪ್ಪೆ ಸಾರು.

"ಹೆಗ್ಡೆಯವರೇ, ಕಾಜ ಬಿಟ್ಟು ನಾನು ಹೊರಗೆ ಹೋದವನೇ ಅಲ್ಲ," ಎಂದು ಕತ್ತಿನ ಗುಂಡಿ ಅಳತೊಡಗಿತು. ಮುತ್ತಜ್ಜ ಅದರ ಕಣ್ಣೀರನ್ನು ಬೆರಳಿಗೆ ತಾಗಿಸಿ ನಾಲಿಗೆಗೆ ಹಚ್ಚಿಕೊಂಡರು. ಸಪ್ಪೆ.

"ಊರಿನ ಕೆಲಸ ಮಗು, ಬಾ," ಎಂದು ಬಿಚ್ಚಿದರು.

ರಾಜ ಗೆದ್ದ. ರುಜು ಬಿತ್ತು. ಏಳು ಗಾಡಿ ಉಪ್ಪು ಬಂತು. ಊರಿನವರು ಎರಡೆರಡು ಸಲ ಸಾರು ಬಡಿಸಿಕೊಂಡು ಉಂಡರು. ನಾಲಿಗೆಗೆ ರುಚಿ ಬಂದ ಮೇಲೆ ಆಡಿದ ಮೊದಲ ಮಾತು ಏನು ಗೊತ್ತೇ? "ನೋಡಿದಿರಾ, ಹೆಗ್ಡೆಯವರ ಕತ್ತು! ಗುಂಡಿ ಬಿಚ್ಚಿಕೊಂಡು ಬಂದಿದ್ದಾರೆ!" ಅಂದಿನಿಂದ ನಮಗೆ ಬಿಚ್ಚುಗುಂಡಿಯವರು ಎಂದೇ ಹೆಸರು. ಮೊನ್ನೆ ಅಂಚೆಯವನೂ ಗೇಟಿನಲ್ಲಿ ನಿಂತು ಹಾಗೆಯೇ ಕೂಗಿದ.

ಕತೆ ಇಲ್ಲಿಗೆ ಆಯಿತು, ಕೋಟು ಪೆಟ್ಟಿಗೆಯಲ್ಲಿದೆ. ನೀತಿ ಬೇಕಿದ್ದರೆ ಬರೆದುಕೊಳ್ಳಿ: ಎಲೆಯಡಿಕೆ ಉಗಿದು ಮಾತನಾಡಬೇಕು.

ನಗಬೇಡಿ ಸುಗಂಧಮ್ಮ. ನಿಮ್ಮ ಮಡಿಲಿನ ಉಪ್ಪುಗಡಲೆಗೆ ಉಪ್ಪು ಎಲ್ಲಿಂದ ಬಂತು? ಪೊಟ್ಟಣ ಕೆಳಗಿಡಿ. ಎಲ್ಲರೂ ಎದ್ದು ನಿಲ್ಲಿ. ಬಿಚ್ಚುಗುಂಡಿಯವರು ಎಂದದ್ದಕ್ಕೆ ಕ್ಷಮೆ ಕೇಳಿ.