ಏಳನೆಯ ಹೊಲಿಗೆ

ಒಂದೂರಿನಲ್ಲಿ ಹನ್ನೊಂದು ಹೆಂಗಸರು ಸೇರಿ ಕಸೂತಿ ಕೇಂದ್ರ ನಡೆಸುತ್ತಿದ್ದರು. ಅವರಿಗೆ ಹಿರಿಯಳು ಫಕ್ಕೀರವ್ವ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸಾಮಾನು ಕಟ್ಟಿ ಬಂದ ಪತ್ರಿಕೆಯ ಹಾಳೆಗಳನ್ನು ಕೂಡಿಸಿ ಓದುತ್ತ ಓದು ಕಲಿತವಳು. ಕೇಂದ್ರದ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು.

ಕೇಂದ್ರದಲ್ಲಿ ಒಂದೇ ಒಂದು ಕಂಪ್ಯೂಟರ್. ಅದರೊಳಗೆ ನೂರ ನಲವತ್ತು ಕಸೂತಿ ಚಿತ್ರಗಳು. ಮೊದಲು ಅವು ಊರಿನ ಹಳೆಯ ಕಸೂತಿಗಾರ್ತಿ ತಿರಕವ್ವಜ್ಜಿಯ ಬೆರಳುಗಳಲ್ಲಿ ಇದ್ದವು, ಬೇರೆಲ್ಲೂ ಇರಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು ಒಂದೊಂದು ಎಳೆ ಹೇಳಿದಳು, ಕೇಂದ್ರದ ಹನ್ನೊಂದು ಮಂದಿಯಲ್ಲಿ ಕಂಪ್ಯೂಟರ್ ಬಲ್ಲ ಶಶಿಕಲಾ ಪರದೆಯ ಮೇಲೆ ಒಂದೊಂದು ಚೌಕ ತುಂಬಿದಳು. ಹೋದ ವರ್ಷ ಅಜ್ಜಿ ತೀರಿಕೊಂಡಳು. ಆ ಚಿತ್ರಗಳ ಇನ್ನೊಂದು ಪ್ರತಿಯನ್ನು ಯಾರೂ ಎಲ್ಲಿಯೂ ತೆಗೆದಿಟ್ಟಿರಲಿಲ್ಲ. ಅದೂ ಒಂದು ತಪ್ಪೇ.

ಆಯುಧ ಪೂಜೆಯ ದಿನ ಬಂತು. ಕತ್ತರಿ, ಸೂಜಿ, ಕಂಪ್ಯೂಟರ್ ಎಲ್ಲಕ್ಕೂ ಕುಂಕುಮ, ಚೆಂಡು ಹೂವು. "ಮುಹೂರ್ತ ಚಲೋ ಐತಿ, ಹೊಸಾದು ಏನ್ ಹಾಕೋದಿದ್ರೂ ಈಗ ಹಾಕ್ರಿ" ಎಂದಳು ಫಕ್ಕೀರವ್ವ. ಮುಹೂರ್ತ ಇದ್ದದ್ದು ಮುಕ್ಕಾಲು ತಾಸು. ಅಷ್ಟರೊಳಗೆ ಆರು ಹೊಸ ತಂತ್ರಾಂಶ ಕಂಪ್ಯೂಟರಿಗೆ ಇಳಿದವು. ಒಬ್ಬಳು ಪಂಚಾಂಗ ಹಾಕಿಸಿದಳು. ಸಿದ್ದವ್ವ ಭಜನೆ ಹಾಡುವುದನ್ನು ಹಾಕಿಸಿದಳು. ಇನ್ನೊಬ್ಬಳು ತಾಸಿಗೊಮ್ಮೆ ಕೋಗಿಲೆಯಂತೆ ಕೂಗುವ ಗಡಿಯಾರ ತಂದಿದ್ದಳು. ಎಲ್ಲ ಮುಗಿದ ಮೇಲೆ ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದರು.

ಅಲ್ಲಿಂದ ಶುರುವಾಯಿತು. ಯಂತ್ರ ಏಳುತ್ತಿತ್ತು. ಒಂದು ಚಿತ್ರ ತೆರೆದರೆ ಸಾಕು, ಪರದೆ ನೀಲಿಯಾಗಿ ಯಂತ್ರ ಕೆಲಸ ನಿಲ್ಲಿಸಿ ಬಿದ್ದುಹೋಗುತ್ತಿತ್ತು. ಪೆನ್‌ಡ್ರೈವ್ ಚುಚ್ಚಿದರೂ ಅದೇ ಗತಿ.

ಮರುದಿನ ರಿಪೇರಿಯ ಗಂಗಾಧರ ಬಂದು ನೋಡಿದ.

"ಅಕ್ಕಾರ, ಎಲ್ಲಾ ಒರಸಿ ಹೊಸದಾಗಿ ಹಾಕಬೇಕ್ರಿ. ಒಂದು ತಾಸಿನ ಕೆಲಸ."

"ಒಳಗಿನ ಚಿತ್ರ?"

"ಹೋಗ್ತಾವ್ರಿ. ಹೊರಗ ತಗೀಬೇಕಂದ್ರ ಪೆನ್‌ಡ್ರೈವ್ ಚುಚ್ಚಾಕ ಬಿಡವಲ್ದಲ್ರಿ ಅದು."

"ಒಂದು ಹೊಲಿಗಿ ತಪ್ಪಿದ್ರ ಸೀರೀನ ಸುಡ್ತಾರೇನೋ?"

"ಇದು ಸೀರಿ ಅಲ್ರಿ ಅಕ್ಕಾರ."

"ನನಗ ಸೀರೀನ. ನೀ ಚಾ ಕುಡದು ಹೋಗು."

ಅವನು ಹೋದ. ಫಕ್ಕೀರವ್ವ ಎಲ್ಲರನ್ನೂ ಕೂಡಿಸಿ ಹೇಳಿದಳು: "ಎಳಿ ತಪ್ಪಿದ್ರ ನಾವೇನು ಮಾಡ್ತೀವಿ? ಕಡೀ ಹೊಲಿಗಿಯಿಂದ ಬಿಚ್ಚಿಕೋತ ಹಿಂದ ಬರ್ತೀವಿ. ತಪ್ಪು ಯಾರದು ಅಂತ ನಾ ಕೇಳಂಗಿಲ್ಲ. ಯಾರಾದ ಮ್ಯಾಲ ಯಾರು ಹಾಕಿಸಿದ್ರಿ, ಅಷ್ಟ ಹೇಳ್ರಿ."

ಆರು ಹೆಸರು ಒಂದು ಹಾಳೆಯ ಮೇಲೆ ಸಾಲಾಗಿ ಬಂದವು. ಶಶಿಕಲಾ ಕೊನೆಯದನ್ನು ಮೊದಲು ತೆಗೆದಳು. ಯಂತ್ರ ಆರಿಸಿದಳು, ಹಚ್ಚಿದಳು, ಪೆನ್‌ಡ್ರೈವ್ ಚುಚ್ಚಿದಳು. ಬಿತ್ತು. ಅದರ ಹಿಂದಿನದನ್ನು ತೆಗೆದಳು. ಮತ್ತೆ ಬಿತ್ತು. ಕೋಗಿಲೆ ಹೋಯಿತು, ಪಂಚಾಂಗ ಹೋಯಿತು. ಸಿದ್ದವ್ವನ ಸರದಿ ಬಂದಾಗ ಅವಳು ಮುಖ ಸಣ್ಣದು ಮಾಡಿದಳು.

"ನನ್ನ ಭಜನಿ ಏನು ಮಾಡೀತವ್ವಾ ಪಾಪ? ದೇವರ ಹಾಡಿಗೆ ಯಂತ್ರ ಬೀಳ್ತೈತೇನು?"

"ನೀ ಹಾಡಿದ್ರ ಬೀಳ್ತಿತ್ತು ತಗೋ" ಎಂದಳು ಶಶಿಕಲಾ. ಎಲ್ಲರೂ ನಕ್ಕರು. ಭಜನೆಯೂ ಹೋಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಆರೂ ಹೋದವು. ಪೆನ್‌ಡ್ರೈವ್ ಚುಚ್ಚಿದರು. ಪರದೆ ನೀಲಿಯಾಯಿತು.

ಈಗ ಯಾರೂ ನಗಲಿಲ್ಲ. "ಗಂಗಾಧರನ್ನ ಕರೀಲೇನ್ರಿ?" ಎಂದು ಒಬ್ಬಳು ಮೆಲ್ಲಗೆ ಕೇಳಿದಳು.

ಶಶಿಕಲಾ ಯಂತ್ರವನ್ನು ಮತ್ತೆ ಎಬ್ಬಿಸಿ ಅದರೊಳಗಿನ ಪಟ್ಟಿಯನ್ನು ತುದಿಯವರೆಗೆ ನೋಡಿದಳು. "ಅಕ್ಕಾರ, ಪೂಜಿ ದಿನಾನ ಹಾಕಿದ್ದು ಇನ್ನೊಂದು ಐತ್ರಿ. ಏಳನೇದು. ವೈರಸ್ ಕಾಯೋದು. ನಮ್ಮದು ಹಳೇದು ಒಂದು ಇತ್ತಲ್ರಿ, ಇದು ಬ್ಯಾರೆ. ಎರಡೂ ಕೂಡಿ ಒಂದ ಬಾಗಿಲದಾಗ ಜಗಳ ಹಚ್ಚ್ಯಾವೋ ಏನೋ. ಕಾವಲಿದು, ಹಾಕಿದವ್ರು ಹೂಂ ಅನ್ನದ ನಾ ತಗಿಯಂಗಿಲ್ರಿ. ಯಾರದಿದು?"

ಒಬ್ಬೊಬ್ಬರೂ ತಲೆಯಾಡಿಸಿ ಇಲ್ಲವೆಂದರು. ಫಕ್ಕೀರವ್ವ ಮಾತ್ರ ತಲೆಯಾಡಿಸಲಿಲ್ಲ.

ಪೂಜೆಯ ದಿನ ಎಲ್ಲರಿಗಿಂತ ಮೊದಲು ಬೀಗ ತೆರೆದವಳು ಅವಳು. ಅಜ್ಜಿಯ ಚಿತ್ರಗಳಿಗೆ ಗಟ್ಟಿ ಕಾವಲು ಇರಲೆಂದು ಪೇಟೆಯಿಂದ ತಂದದ್ದನ್ನು ತಾನೇ ಓದಿಕೊಂಡು, ತಾನೇ ಹಾಕಿದ್ದಳು. ಕಾವಲು ಹೇಗೆ ತಪ್ಪಾಗುತ್ತದೆ ಎಂದುಕೊಂಡು ಅದನ್ನು ಹಾಳೆಯಲ್ಲಿ ಬರೆಸಿರಲಿಲ್ಲ.

ಈಗ ಅವಳ ಮುಂದೆ ಎರಡು ದಾರಿ. ಗಂಗಾಧರನನ್ನು ಕರೆಸಿ ಎಲ್ಲ ಒರೆಸಿಬಿಟ್ಟರೆ ಏಳನೆಯದು ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಅವಳ ಮಾನ ಉಳಿಯುತ್ತದೆ, ಅಜ್ಜಿಯ ಚಿತ್ರಗಳು ಹೋಗುತ್ತವೆ. ತನ್ನದೆಂದು ಒಪ್ಪಿಕೊಂಡರೆ ಚಿತ್ರಗಳು ಉಳಿಯಬಹುದು, ಮಾನ ಹೋಗುತ್ತದೆ. ಮಕ್ಕಳೇ, ಮಾನ ಅಂದರೆ ಅವಳಿಗೆ ಸಣ್ಣದಲ್ಲ. ಬೇರೆ ಆಸ್ತಿ ಅವಳಿಗಿರಲಿಲ್ಲ.

ಅವಳು ಸೆರಗು ಬಿಗಿದುಕೊಂಡು ಎದ್ದು ನಿಂತಳು.

"ಮೊದಲನೇ ಹೊಲಿಗಿ ನನ್ನದು. ಬಿಚ್ಚು."

ಶಶಿಕಲಾ ತೆಗೆದಳು. ಯಂತ್ರ ಆರಿಸಿದಳು, ಹಚ್ಚಿದಳು, ಪೆನ್‌ಡ್ರೈವ್ ಚುಚ್ಚಿದಳು. ಒಂದು ಚಿತ್ರವನ್ನೂ ತೆರೆದಳು. ಪರದೆ ಬೆಳ್ಳಗೇ ಉಳಿಯಿತು. ಅದರ ಮೇಲೆ ಅಜ್ಜಿಯ ಜೋಡಿ ನವಿಲು ತೆರೆದುಕೊಂಡಿತು, ಒಂದು ಚೌಕವೂ ತಪ್ಪದೆ.

"ನನ್ನ ಭಜನಿ ತಪ್ಪಿಲ್ಲದ ಸುಳ್ಳೇ ತಗಿಸಿದ್ರಿ" ಎಂದಳು ಸಿದ್ದವ್ವ.

"ಹೌದವ್ವಾ, ಸುಳ್ಳೇ ತಗಿಸ್ದೆ. ನನ್ನದನ್ನ ಮೊದಲ ಹೇಳಿದ್ರ ನಿನ್ನದು ಉಳೀತಿತ್ತು" ಎಂದಳು ಫಕ್ಕೀರವ್ವ. ಅವಳ ಬಾಯಲ್ಲಿ ಅಂಥ ಮಾತನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ಅಂದೇ ನೂರ ನಲವತ್ತೂ ಚಿತ್ರಗಳು ಪೆನ್‌ಡ್ರೈವಿಗೆ ಇಳಿದು, ಅವಳ ಮನೆಯ ಟ್ರಂಕು ಸೇರಿದವು. ಉಳಿದ ಆರು ತಂತ್ರಾಂಶಗಳು ದಿನಕ್ಕೊಂದರಂತೆ ಮರಳಿ ಬಂದವು. ಒಂದು ಹಾಕಿ, ಯಂತ್ರ ಆರಿಸಿ ಹಚ್ಚಿ, ಚಿತ್ರ ತೆರೆದು ನೋಡಿದ ಮೇಲೆಯೇ ಮುಂದಿನದು. ಭಜನೆಗೆ ಮೊದಲ ಸರದಿ. ಹಾಕಿದವರ ಹೆಸರು, ತಾರೀಕು ಬರೆಯಲು ಗೋಡೆಗೆ ಒಂದು ಪುಸ್ತಕ ತೂಗುಹಾಕಿದರು. ಅದರ ಮೊದಲ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಹೀಗಿದೆ: "ಫಕ್ಕೀರವ್ವ. ಎರಡನೇ ಕಾವಲು. ತಪ್ಪಿತು. ಬಿಚ್ಚಿದೆ."

ನೀತಿ: ಹೊಸದನ್ನು ಒಂದೊಂದಾಗಿ ಒಳಗೆ ಬಿಟ್ಟು ಪರೀಕ್ಷಿಸಿ. ಕೆಟ್ಟರೆ ಎಲ್ಲವನ್ನೂ ಅಳಿಸಬೇಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಹುಡುಕಿ. ಹುಡುಕುವಾಗ ನಿಮ್ಮ ಕೈಯಾರೆ ಮಾಡಿದ್ದನ್ನೂ ಬಿಡದೆ ಲೆಕ್ಕಕ್ಕೆ ಹಿಡಿಯಿರಿ.